ಗೆಂಡೆಹಳ್ಳಿಯ ಕೆಂಪು

ಬೆಳ್ಳಿ ತೊಳೆಯುವ ದಿನ ನಮ್ಮ ಮನೆಯ ಗಂಡಸರು ಹೊಸಿಲು ದಾಟುತ್ತಿರಲಿಲ್ಲ. ದಾಟಬಾರದೆಂಬ ಶಾಸ್ತ್ರವೇನೂ ಇರಲಿಲ್ಲ; ನಾಚಿಕೆ, ಅಷ್ಟೆ. ಶಿವರಾತ್ರಿ ಹತ್ತಿರ ಬಂತೆಂದರೆ ಅಜ್ಜಿ ಬಿದಿರಿನ ಮೊರ ಹಿಡಿದು ನಡುಮನೆಯಲ್ಲಿ ನಿಂತುಬಿಡುತ್ತಿದ್ದಳು. ಮನೆಯವರೆಲ್ಲ ಕೊರಳಿನ ಬೆಳ್ಳಿ ಕರಡಿಗೆ ತೆರೆದು, ಒಳಗಿನ ಇಷ್ಟಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಮತ್ತೆ ಕೊರಳಿಗೇ ಕಟ್ಟಿಕೊಂಡು, ಖಾಲಿ ಕರಡಿಗೆಯನ್ನು ಆ ಮೊರಕ್ಕೆ ಹಾಕಬೇಕು. ಲಿಂಗ ಮೈಮೇಲೆ, ಬೆಳ್ಳಿ ಬಚ್ಚಲಲ್ಲಿ. ಅಪ್ಪ ಕೊಬ್ಬರಿ ವ್ಯಾಪಾರಿ, ಅರಸೀಕೆರೆ ಮಂಡಿಯಲ್ಲಿ ನಾಲ್ಕು ಜನ ಗುರುತಿಸುವ ಮನುಷ್ಯ. ಎದೆಯ ಮೇಲೆ ನಿಂಬೆಹಣ್ಣಿನಷ್ಟು ದಪ್ಪದ ಬೆಳ್ಳಿ ಹೊಳೆಯದೆ ಹೋದರೆ ತಾವು ತಾವೇ ಅಲ್ಲವೆಂಬಂತೆ ಅವತ್ತೆಲ್ಲ ಹಿಂದಿನ ಕೋಣೆಯಲ್ಲಿ ಪೇಪರ್ ಹಿಡಿದು ಕೂತಿರುತ್ತಿದ್ದರು. ಯಾರಾದರೂ ಬಾಗಿಲಲ್ಲಿ ಕೂಗಿದರೆ ನಾನು ಹೋಗಿ, ಅಪ್ಪ ಪಕ್ಕದೂರು ಗಂಡಸಿಗೆ ಹೋಗಿದ್ದಾರೆ ಎಂದು ಹೇಳಿ ಬರಬೇಕಿತ್ತು. ಒಂದು ವರ್ಷ ಬಂದವರು ಗಂಡಸಿಯವರೇ ಆಗಿಬಿಟ್ಟರು.

"ನಾನೂ ಈಗ ಅಲ್ಲಿಂದ್ಲೇ ಬತ್ತಾ ಇವ್ನಿ ಕಣವ್ವಾ. ಯಾವ ಬಸ್ಸಲ್ಲಿ ಹೋದ್ರು ನಿಮ್ಮಪ್ಪ?"

ಒಳಗಿಂದ ಅಪ್ಪ ಕೆಮ್ಮಿದರು. ಆ ಕೆಮ್ಮು ಅವರದ್ದೇ ಎಂದು ಇಡೀ ಮಂಡಿಗೆ ಗೊತ್ತಿತ್ತು.

ತೊಳೆಯುವುದು ಅಜ್ಜಿಯ ರಾಜ್ಯಭಾರ. ಅವಳ ಕಾನೂನು ಹೀಗಿತ್ತು: ಬೆಳ್ಳಿಗೆ ವಿಭೂತಿ, ಚಿನ್ನಕ್ಕೆ ಅಂಟುವಾಳದ ನೊರೆ, ಮುತ್ತಿಗೆ ಬರಿಯ ಬಟ್ಟೆ, ಹವಳಕ್ಕೆ ಒಂದು ತೊಟ್ಟು ಕೊಬ್ಬರಿ ಎಣ್ಣೆ. ಹುಣಸೇಹಣ್ಣು ಹಿತ್ತಾಳೆ ಬಿಟ್ಟು ಬೇರೆ ಯಾವುದರ ಹತ್ತಿರವೂ ಸುಳಿಯಕೂಡದು. ಮಠದಿಂದ ತಂದ ವಿಭೂತಿ ಗಟ್ಟಿಗಳಲ್ಲಿ ಮುರಿದು ಪುಡಿಯಾದದ್ದನ್ನೆಲ್ಲ ವರ್ಷವಿಡೀ ಒಂದು ಡಬ್ಬಿಯಲ್ಲಿ ಕೂಡಿಟ್ಟಿರುತ್ತಿದ್ದಳು. ಒದ್ದೆ ಬಟ್ಟೆಯ ತುದಿಗೆ ಆ ಪುಡಿ ಮೆತ್ತಿಕೊಂಡು ಕರಡಿಗೆ, ಕಾಲ್ಗೆಜ್ಜೆ, ಪಂಚಪಾತ್ರೆ ಎಲ್ಲವನ್ನೂ ತಿಕ್ಕುವಾಗ ಅವಳ ಮುಖದಲ್ಲಿ ಪೂಜೆಗೆ ಕೂತವಳ ಕಳೆ ಇರುತ್ತಿತ್ತು. ಈಗ ನನ್ನ ಮೊಮ್ಮಗಳು ಮೊಬೈಲು ನೋಡಿಕೊಂಡು ಸೋಡಾಪುಡಿ, ಬಿಸಿನೀರು, ಚಪಾತಿ ಸುತ್ತುವ ಬೆಳ್ಳಿ ಹಾಳೆ ಎಲ್ಲ ಸೇರಿಸಿ ಗೆಜ್ಜೆ ಅದ್ದುತ್ತಾಳೆ. ಎರಡು ನಿಮಿಷಕ್ಕೆ ಫಳಫಳ ಹೊಳೆಯುತ್ತದೆ. ಹೊಳೆಯಲಿ, ಬೇಡ ಅಂದವರಾರು? ಆದರೆ ಎರಡು ನಿಮಿಷದಲ್ಲಿ ಮುಗಿದುಹೋಗುವ ಕೆಲಸದಲ್ಲಿ ಜಗಳ ಆಡುವುದಕ್ಕೆ ಪುರುಸೊತ್ತೆಲ್ಲಿ? ನಮ್ಮ ಮನೆಯಲ್ಲಿ ತೊಳೆಯುವುದು ಅರ್ಧ, ಜಗಳ ಅರ್ಧ.

ಜಗಳ ಅಜ್ಜಿಗೂ ಅಮ್ಮನಿಗೂ. ಅಮ್ಮ ಬೇಲೂರಿನ ಆಚೆಯ ಗೆಂಡೆಹಳ್ಳಿಯವಳು. ಹೊಲ ಮನೆಯಷ್ಟೇ ಇದ್ದ ಸಂಸಾರದಿಂದ ವ್ಯಾಪಾರದ ಮನೆಗೆ ಬಂದವಳು. ಅದನ್ನು ಅಜ್ಜಿ ಮರೆಯಲಿಲ್ಲ, ಅಮ್ಮನಿಗೂ ಮರೆಯಲು ಬಿಡಲಿಲ್ಲ. ಅಮ್ಮ ಬೆಳ್ಳಿಗೆ ಹಲ್ಲುಪುಡಿ ಹಾಕಿ ತಿಕ್ಕುವ ಪಕ್ಷ.

"ಬೆಳ್ಳಿಗೇನು ಹಲ್ಲೈತೇನೇ ಲಲಿತಾ?" ಅಜ್ಜಿ ಶುರು ಹಚ್ಚುತ್ತಿದ್ದಳು.

"ಚೊಂಬಿಗೇನು ಹಣೆ ಇದೆಯಾ ಅತ್ತೆ, ವಿಭೂತಿ ಹಚ್ಚೋಕೆ?"

"ನೋಡ್ದೇನೋ ನಿನ್ನ ಹೆಂಡ್ತಿ ಬಾಯ್ನಾ!"

ಇದು ಹಿಂದಿನ ಕೋಣೆಗೆ ಕೇಳಲೆಂದು ಹೇಳಿದ್ದು. ಹಿಂದಿನ ಕೋಣೆಯಿಂದ ಪೇಪರ್ ಮಗುಚಿದ ಸದ್ದಷ್ಟೇ ಬರುತ್ತಿತ್ತು. ಅತ್ತೆ ಸೊಸೆ ನಡುವೆ ತಲೆ ಹಾಕಿದ ಗಂಡಸು ಅಡಕತ್ತರಿಯ ಅಡಿಕೆ ಎಂದು ಅಪ್ಪ ತಿಳಿದಿದ್ದರು.

ಇಷ್ಟಾದರೂ ಎಲ್ಲದಕ್ಕಿಂತ ದೊಡ್ಡ ಜಗಳ ಅಮ್ಮನ ಓಲೆಯದ್ದು. ಚಿನ್ನದ ಕಟ್ಟಿನಲ್ಲಿ ಸುತ್ತಲೂ ಕೆಂಪು ಕಲ್ಲು ಕೂರಿಸಿದ ಹಳೆಯ ಕಾಲದ ಓಲೆ. ಮಾಣಿಕ್ಯವನ್ನು ನಮ್ಮ ಕಡೆ ಕೆಂಪು ಎಂದೇ ಅನ್ನುವುದು. ಗೆಂಡೆಹಳ್ಳಿಯ ಅವ್ವ, ಅಂದರೆ ಅಮ್ಮನ ತಾಯಿ, ಮದುವೆಯ ದಿನ ತನ್ನ ಕಿವಿಯಿಂದ ಬಿಚ್ಚಿ ಮಗಳ ಕಿವಿಗೆ ಹಾಕಿ ಕಳಿಸಿದ್ದು. ಅಮ್ಮನಿಗೆ ತವರಿನಿಂದ ಬಂದ ಒಡವೆ ಅಂತ ಅದೊಂದೇ. ಅದನ್ನು ಮಾತ್ರ ಅವಳು ಅಜ್ಜಿಯ ಅಂಟುವಾಳದ ಪಾತ್ರೆಗೆ ಹಾಕಲು ಕೊಡುತ್ತಿರಲಿಲ್ಲ. ಸ್ನಾನಕ್ಕೆ ಹೋಗುವಾಗಲೂ ಬಿಚ್ಚಿಟ್ಟು ಹೋಗುವಳು. ಒಣ ಹತ್ತಿಯಲ್ಲಿ ಒರೆಸಿ ಹಾಕಿಕೊಳ್ಳುವಳು. ಅಜ್ಜಿಗೆ ಇದು ಉರಿಯುತ್ತಿತ್ತು.

"ನಮ್ಮನೆ ನೀರು ಸೋಕಿದ್ರೆ ಗೆಂಡೆಹಳ್ಳಿ ಕೆಂಪು ಕರಗೋಯ್ತದೆ, ಅಲ್ವೇ?"

"ನನ್ನ ಓಲೆ ನಾನು ನೋಡ್ಕೋತೀನಿ ಬಿಡಿ ಅತ್ತೆ."

"ನೋಡ್ಕಳವ್ವಾ, ನೋಡ್ಕ. ರಾಜರ ಒಡವೆ! ಹಳೇಬೀಡು ಲೂಟಿ ಆದಾಗ ಅದೊಂದು ಮಿಕ್ಕಿ ನಿಮ್ಮಟ್ಟಿ ಸೇರ್ಕಂಡಿತ್ತೇನೋ."

ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷ ಅಮ್ಮನ ತಮ್ಮನಿಗೆ ಮದುವೆ ಗೊತ್ತಾಯಿತು. ಶಿವರಾತ್ರಿ ಕಳೆದ ಮೇಲೆ ಗೆಂಡೆಹಳ್ಳಿಯಲ್ಲಿ ಲಗ್ನ. ಅದೇ ಹೊತ್ತಿಗೆ ಅಮ್ಮನ ಕಿವಿ ತೂತು ಕೀವು ಕಟ್ಟಿ, ಓಲೆ ಬಿಚ್ಚಿ ಬೇವಿನ ಕಡ್ಡಿ ಚುಚ್ಚಿಕೊಂಡಿದ್ದಳು. ಓಲೆ ಹತ್ತಿಯಲ್ಲಿ ಸುತ್ತಿ ಬೀರುವಿನಲ್ಲಿತ್ತು. ಬೆಳ್ಳಿ ತೊಳೆಯುವ ದಿನ ಬೆಳಿಗ್ಗೆ ಅವಳು ಮದುವೆಯ ರವಿಕೆಗೆ ಅಳತೆ ಕೊಡಲು ಟೈಲರ್ ಹತ್ತಿರ ಹೋದಳು. ಅವಳು ಬೀದಿಯ ತಿರುವು ದಾಟಿದಳೋ ಇಲ್ಲವೋ, ಅಜ್ಜಿ ಬೀರುವಿನ ಬಾಗಿಲು ತೆಗೆದಳು. ಕೆಟ್ಟ ಬುದ್ಧಿಯಿಂದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

"ಕೂದಲೆಣ್ಣೆ ಮೆತ್ತಿ ಮೆತ್ತಿ ಹೆಂಗೆ ಮಂಕಾಗೈತೆ ನೋಡು. ಹಿಂಗೇ ಹಾಕ್ಕಂಡು ತವರಿಗೆ ಹೋದ್ರೆ ನೆಂಟರೆಲ್ಲ ಏನಂತಾರೆ? ಅರಸೀಕೆರೆಯೋರಿಗೆ ಸೊಸೆ ಒಡವೆ ತೊಳ್ಯೋ ಯೋಗ್ಯತೇನೂ ಇಲ್ಲ ಅಂತಾರೆ. ಅವಮಾನ ಯಾರಿಗೆ? ನನಗೆ!"

ಅಂಟುವಾಳದ ನೀರು ಬೆಚ್ಚಗಿದ್ದರೆ ಸಾಕು, ಚಿನ್ನ ಬೆಳಗುತ್ತದೆ. ಆದರೆ ಅಷ್ಟು ವರ್ಷಗಳ ಎಣ್ಣೆ ಜಿಡ್ಡು ಬೆಚ್ಚಗಿನ ನೀರಿಗೆ ಹೋಗುತ್ತದೆಯೇ? ಒಂದು ಕುದಿ ಬರಲಿ ಎಂದು ಅಜ್ಜಿ ಪಾತ್ರೆಯನ್ನು ಒಲೆಯ ಮೇಲೇ ಬಿಟ್ಟಳು. ಹಳೆಯ ಓಲೆಗಳಲ್ಲಿ ಕಲ್ಲಿನ ಹಿಂದೆ ಅರಗು ತುಂಬಿರುತ್ತದೆ, ಅದು ಕುದಿಯುವ ನೀರಿಗೆ ಬೆಣ್ಣೆಯ ಹಾಗೆ ಕರಗುತ್ತದೆ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಅವಳ ಒಡವೆಗಳೆಲ್ಲ ಗಟ್ಟಿ ಚಿನ್ನದವು. ಕಲ್ಲಿನ ಓಲೆಯ ಸಂಸಾರ ಅವಳಿಗೇನು ಗೊತ್ತು! ಸ್ವಲ್ಪ ಹೊತ್ತಿಗೆ ನೊರೆಯ ಮೇಲೆ ಕೆಂಪು ಚೂರುಗಳು ತೇಲಿದವು. ಅಜ್ಜಿ ಟೀ ಸೋಸುವ ಜಾಲರಿ ಹಿಡಿದು ಬಗ್ಗಿಸಿದಳು. ಚಿನ್ನದ ಕಟ್ಟುಗಳೆರಡೂ ಹಲ್ಲುದುರಿದ ಬಾಯಿಯಂತೆ ಬರಿದಾಗಿ ಬಿದ್ದಿದ್ದವು. ಪಕ್ಕದಲ್ಲಿ ಕಲ್ಲುಗಳು. ಎಲ್ಲವೂ ಬಿಳಿ. ಕಲ್ಲುಸಕ್ಕರೆಯಷ್ಟು ಬಿಳಿ.

"ಅಯ್ಯೋ ಶಿವನೇ! ಬಣ್ಣ ಬಿಟ್ಬಿಡ್ತಲ್ಲೇ!"

"ಕಲ್ಲೂ ಬಣ್ಣ ಬಿಡುತ್ತಾ ಅಜ್ಜಿ?"

"ಬಿಡೋದಾಗಿದ್ರೆ ನಾನ್ಯಾಕೆ ಬಾಯ್ ಬಾಯ್ ಬಡ್ಕೊತಿದ್ದೆ, ಮುಚ್ಚು!"

ಆಮೇಲೆ ನನ್ನ ರಟ್ಟೆ ಹಿಡಿದು ಬಚ್ಚಲಿಗೆ ಎಳೆದುಕೊಂಡು ಹೋಗಿ, ಅಮ್ಮನಿಗೆ ಹೇಳುವುದಿಲ್ಲವೆಂದು ಲಿಂಗ ಮುಟ್ಟಿ ಆಣೆ ಮಾಡು ಎಂದಳು. ನಾನು ಎದೆಯ ಮೇಲಿನ ಬಟ್ಟೆಯ ಗಂಟು ಮುಟ್ಟಿದೆ. ಕರಡಿಗೆಯಿಲ್ಲದ ಲಿಂಗದ ಮೇಲೆ ಮಾಡಿದ ಆಣೆ ತಟ್ಟುತ್ತದೋ ಇಲ್ಲವೋ ಎಂಬ ಅನುಮಾನ ಇಬ್ಬರಿಗೂ ಬಂತು. ಅಜ್ಜಿ ಯೋಚಿಸಿ, ಭದ್ರಕ್ಕಿರಲಿ ಎಂದು ದೇವರ ಮನೆಯ ಹೊಸಿಲನ್ನೂ ಮುಟ್ಟಿಸಿದಳು. ಅಮ್ಮ ರವಿಕೆ ಬಟ್ಟೆ ಕೊಟ್ಟು ಬಂದಾಗ ಅಜ್ಜಿ ಕಾಲ್ಗೆಜ್ಜೆಯನ್ನು ಎಷ್ಟು ಜೋರಾಗಿ ತಿಕ್ಕುತ್ತಿದ್ದಳೆಂದರೆ ಅದೂ ಸವೆದುಹೋಗಬೇಕು.

"ನಿನ್ನ ಓಲೆ ತಿರುಪು ಸಡಿಲ ಆಗಿತ್ತು ಕಣೇ ಲಲಿತಾ. ನನ್ನ ಪೆಟ್ಟಿಗೇಲಿ ಭದ್ರವಾಗಿ ಮಡಗಿವ್ನಿ. ಮೊದ್ಲು ಕಿವಿ ವಾಸಿಯಾಗ್ಲಿ."

ಅಮ್ಮ ಅಜ್ಜಿಯ ಮುಖ ನೋಡಿದಳು, ಪಾತ್ರೆ ನೋಡಿದಳು, ನನ್ನನ್ನು ನೋಡಿದಳು. ನಾನು ಸೂರು ನೋಡಿದೆ. ಅಷ್ಟು ಜಗಳಗಂಟಿ ನನ್ನಮ್ಮ, ಅವತ್ತು ಅಕ್ಕಿ ಆರಿಸಲು ಕೂತುಬಿಟ್ಟಳು.

ಮಾರನೆಯ ದಿನ, ಹಳೇಬೀಡಿನ ಈಶ್ವರನಿಗೊಂದು ಹರಕೆ ಬಾಕಿಯಿದೆ ಎಂದು ಹೇಳಿ ಅಜ್ಜಿ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು. ಬಸ್ಸು ಹಳೇಬೀಡಿಗೆ ಬಂತು, ಅಜ್ಜಿ ಇಳಿಯಲಿಲ್ಲ. ಕೂತಲ್ಲಿಂದಲೇ ಕೆನ್ನೆ ತಟ್ಟಿಕೊಂಡಳು. ನಾವು ಹೊರಟಿದ್ದು ಬೇಲೂರಿನ ಅಕ್ಕಸಾಲಿಯ ಹತ್ತಿರ. ಅರಸೀಕೆರೆಯಲ್ಲಿ ಕೊಟ್ಟರೆ ಸಂಜೆಯೊಳಗೆ ಸುದ್ದಿ ಸಂತೆಗೆ ಹೋಗುತ್ತದೆ, ಬೇಲೂರಿನಲ್ಲಿ ನಮ್ಮನ್ನು ಯಾರು ಬಲ್ಲರು ಎನ್ನುವುದು ಅಜ್ಜಿಯ ಲೆಕ್ಕಾಚಾರ. ನನ್ನನ್ನು ಕರೆದುಕೊಂಡು ಹೋದದ್ದು ಪ್ರೀತಿಗಲ್ಲ. ಮನೆಯಲ್ಲಿ ಬಿಟ್ಟರೆ ಅಮ್ಮ ಒಂದು ಚೂರು ಬೆಲ್ಲ ಕೊಟ್ಟು ಬಾಯಿ ಬಿಡಿಸುತ್ತಾಳೆಂಬ ಭಯಕ್ಕೆ. ಆ ಭಯ ನಿಜವೇ ಆಗಿತ್ತು.

ಅಕ್ಕಸಾಲಿ ಆಚಾರ್ರಿಗೆ ವಯಸ್ಸಾಗಿತ್ತು, ಕಿವಿ ಮಂದ. ಕಿವಿ ಮಂದವಾದವರೆಲ್ಲರ ಹಾಗೆ, ಲೋಕವೇ ಕಿವುಡೆಂದು ತಿಳಿದು ಅರಚಿ ಮಾತಾಡುತ್ತಿದ್ದರು. ಅಜ್ಜಿ ಸೆರಗಿನ ಗಂಟು ಬಿಚ್ಚಿ, ಕಲ್ಲು ಸುರಿದು, ಅವರ ಕಿವಿಯ ಹತ್ತಿರ ಬಾಯಿಟ್ಟು ಪಿಸುಗುಟ್ಟಿದಳು. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, ಬೀದಿಗೆಲ್ಲ ಕೇಳುವಂತೆ ಕೂಗಿದರು:

"ಇದು ಕೆಂಪಲ್ಲಮ್ಮಾ! ಗಾಜು! ಬರೀ ಗಾಜು! ಹಿಂದೆ ಕೆಂಪು ತಗಡು ಇಟ್ಟಿದ್ರು, ಅದಕ್ಕೇ ಕೆಂಪು ಕಾಣ್ತಿತ್ತು!"

"ಮೆಲ್ಲಗೆ ಹೇಳಿ ಆಚಾರ್ರೇ!"

"ಮೆಲ್ಲಗೆ ಹೇಳಿದ್ರೂ ಗಾಜೇ!"

ಅಜ್ಜಿ ಅಂಗಡಿಯ ಜಗಲಿಯ ಮೇಲೆ ಕುಸಿದು ಕೂತಳು. ನಾನು ಚಿಕ್ಕವಳಾದರೂ ದಡ್ಡಿಯಲ್ಲ. ನಿಜವಾದ ಕೆಂಪೆಂದು ನಂಬಿಕೊಂಡೇ ಇಷ್ಟು ವರ್ಷ ಹಂಗಿಸಿದವಳು, ಗಾಜೆಂದು ಗೊತ್ತಾದ ಮೇಲೆ ಅಮ್ಮನನ್ನು ಉಳಿಸುತ್ತಾಳೆಯೇ? ಇನ್ನು ಅಮ್ಮ ಆ ಮನೆಯಲ್ಲಿ ತಲೆಯೆತ್ತಿ ಒಂದು ಮಾತು ಆಡುವಂತಿಲ್ಲ ಎಂದು ನನಗೆ ಅನ್ನಿಸಿತು, ಅಳು ಬಂತು.

ಆಚಾರ್ರು ಕೇಳಿದರು, ಹೊಸ ತಗಡು ಹಾಕಿ ಇದೇ ಗಾಜು ಕೂರಿಸಲೋ, ಒಳ್ಳೆಯ ಕಲ್ಲು ಹಾಕಲೋ ಎಂದು. ಅಜ್ಜಿ ಗಾಜಿನ ಚೂರುಗಳನ್ನು ಒಂದೊಂದಾಗಿ ಅವರ ಕಡೆ ತಳ್ಳಿದಳು.

"ಇವೇ ಇರ್ಲಿ. ಅವ್ಳಿಗೆ ವ್ಯತ್ಯಾಸ ಗೊತ್ತಾಗ್ಬಾರ್ದು."

ಸಂಜೆಯ ಹೊತ್ತಿಗೆ ಕೊಡುತ್ತೇನೆ ಎಂದರು. ಅಂಗಡಿಯಿಂದ ಬೀದಿಗೆ ಇಳಿದೆವೋ ಇಲ್ಲವೋ, ಎದುರಿಗೆ ನಮ್ಮ ಬೀದಿಯ ಪಾರ್ವತಕ್ಕ! ಅರಸೀಕೆರೆಯಲ್ಲಿ ಅಜ್ಜಿ ಯಾರಿಗೆ ಹೆದರಿ ಊರು ಬಿಟ್ಟು ಬಂದಿದ್ದಳೋ ಅವರೇ, ನೆಂಟರ ಮನೆಗೆಂದು ಬಂದವರು.

"ಏನ್ ದೊಡ್ಡಮ್ಮಾರೇ, ಬೇಲೂರಿಗೆ ಬಂದಿದ್ದೀರಿ?"

"ದೇವಸ್ಥಾನಕ್ಕೆ ಕಣವ್ವಾ."

"ಚೆನ್ನಕೇಶವಂಗೆ ಕೈ ಮುಗಿಯಾಕೆ? ನೀವಾ?"

ಪಾರ್ವತಕ್ಕ ಗಾಬರಿಯಾದದ್ದರಲ್ಲಿ ತಪ್ಪಿಲ್ಲ. ಅಜ್ಜಿ ಶಿವನನ್ನು ಬಿಟ್ಟು ಮತ್ತೊಂದು ದೇವರ ಕಡೆ ಕಣ್ಣೆತ್ತಿ ನೋಡಿದವಳಲ್ಲ. ತಿಮ್ಮಪ್ಪನ ಕ್ಯಾಲೆಂಡರನ್ನು ಗೋಡೆಗೆ ಮುಖ ಮಾಡಿ ನೇತುಹಾಕಿದವಳು. ಈಗ ಪಾರ್ವತಕ್ಕ, ಬನ್ನಿ ನಾನೂ ಬರುತ್ತೇನೆ ಎಂದು ಜೊತೆಗೇ ಹೊರಟುಬಿಟ್ಟರು. ಅಜ್ಜಿ ಗೋಪುರದ ಕೆಳಗೆ ಶಿವ ಶಿವಾ ಎನ್ನುತ್ತಲೇ ಒಳಗೆ ಕಾಲಿಟ್ಟಳು. ಕೇಶವನ ಎದುರು ಪಾರ್ವತಕ್ಕ ನೋಡುತ್ತಿದ್ದರೆಂದು ಕೈ ಜೋಡಿಸಿದಳು, ತೀರ್ಥವನ್ನೂ ತೆಗೆದುಕೊಂಡಳು. ಹೊರಗೆ ಬಂದು ಮದನಿಕೆಯರ ಕೆಳಗೆ ನಿಂತಾಗ ಮಾತ್ರ ಅವಳಿಗೆ ಸ್ವಲ್ಪ ಉಸಿರು ಬಂತು. ಓಲೆ, ಸರ, ಡಾಬು, ಕಡಗ, ಗೆಜ್ಜೆ, ಒಂದೊಂದು ಮಣಿಯನ್ನೂ ಕೆತ್ತಿದ್ದಾರೆ. ಅಜ್ಜಿ ಕತ್ತೆತ್ತಿ ಎಲ್ಲವನ್ನೂ ನೋಡಿದಳು.

"ಪುಣ್ಯವಂತೇರು ಕಣೇ. ಇಷ್ಟೊಂದು ಒಡವೆ, ಒಂದನ್ನೂ ತೊಳೆಯಂಗಿಲ್ಲ."

ಓಲೆ ತೆಗೆದುಕೊಂಡು ವಾಪಸು ಬಸ್ಸು ಹತ್ತಿದಾಗ ಬಿಸಿಲು ಇಳಿದಿತ್ತು. ಓಲೆ ಮೊದಲಿಗಿಂತ ಕೆಂಪಾಗಿತ್ತು. ಅಜ್ಜಿ ಅದನ್ನು ಎದೆಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅಮ್ಮಂಗೆ ಹೇಳ್ತೀಯಾ ಅಜ್ಜಿ?"

"ಏನನ್ನ?"

"ಗಾಜು ಅಂತ."

"ಯಾವ ಗಾಜು?" ಎಂದು ನನ್ನ ತೊಡೆ ಚಿವುಟಿದಳು. ಆಮೇಲೆ ತನಗೇ ಹೇಳಿಕೊಂಡಂತೆ ಹೇಳಿದಳು: "ಇಷ್ಟು ವರ್ಷ ಅಂದಿದ್ದು ಕೆಂಪು ಅಂತ ತಿಳ್ಕಂಡು. ಗಾಜು ಅಂತ ಗೊತ್ತಾದ್ಮೇಲೂ ಅಂದ್ರೆ ನಾನು ಮನುಷ್ಯಳಾ?"

ಅವತ್ತು ನನಗೆ ಅಜ್ಜಿಯ ಮೇಲೆ ಬಂದ ಪ್ರೀತಿಯನ್ನು ಹೇಳಲು ಬಾರದು. ಚಿವುಟಿದ ಜಾಗ ಉರಿಯುತ್ತಿದ್ದರೂ ಅವಳ ತೋಳಿಗೆ ಒರಗಿ ನಿದ್ದೆ ಹೋದೆ.

ಮದುವೆಗೆ ಹೊರಡುವ ದಿನ ಅಮ್ಮನ ಕಿವಿ ವಾಸಿಯಾಗಿತ್ತು. ಅಜ್ಜಿ ಓಲೆ ತಂದುಕೊಟ್ಟು, ತಿರುಪು ಬಿಗಿ ಮಾಡಿದ್ದೇನೆ ಎಂದಳು. ಅಮ್ಮ ಅದನ್ನು ಬೆಳಕಿಗೆ ಹಿಡಿದು ಒಂದು ಗಳಿಗೆ ನೋಡಿ, ಹಾಕಿಕೊಂಡಳು. ಗೆಂಡೆಹಳ್ಳಿಯಲ್ಲಿ ಮನೆ ತುಂಬ ಹೆಂಗಸರು. ಗೆಂಡೆಹಳ್ಳಿಯ ಅವ್ವನ ಕಿವಿಯಲ್ಲಿ ಎಂದಿನ ಹಾಗೆ ಏನೂ ಇರಲಿಲ್ಲ. ಜೋತುಬಿದ್ದ ಹಾಲೆಯಲ್ಲಿ ಬರೀ ತೂತು. ಅವಳು ಸಿಕ್ಕಿದವರಿಗೆಲ್ಲ ಮಗಳನ್ನು ಎಳೆದು ತೋರಿಸುತ್ತಿದ್ದಳು.

"ನನ್ನ ಕೆಂಪು ಹೆಂಗವೆ ನೋಡಿ! ಇವ್ರಪ್ಪ ತಂದ್ಕೊಟ್ಟಿದ್ದು. ಇವ್ಳಿಗಲ್ದೆ ಇನ್ಯಾರಿಗೆ ಕೊಡ್ಲಿ?"

ಅಮ್ಮನ ಸೋದರತ್ತೆಯೊಬ್ಬಳಿದ್ದಳು, ಯಾರ ಮೈಮೇಲೆ ಏನಿದ್ದರೂ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡದೆ ಬಿಡುವವಳಲ್ಲ. ಅವಳು ಅಮ್ಮನ ಕಿವಿಗೆ ಕೈ ಹಾಕಿದಳು.

"ಏನ್ ಲಲಿತಾ, ಕಲ್ಲು ಬದಲಾಯಿಸ್ದಂಗೈತಲ್ಲ? ಮುಂಚೆ ಹಿಂಗಿರ್ಲಿಲ್ಲ. ಬಿಚ್ಚು, ಒಂಚೂರು ನೋಡಾನ."

ಅಮ್ಮನ ಮುಖ ಬಿಳಿಚಿಕೊಂಡಿತು. ನಾನು ಅಜ್ಜಿಯನ್ನು ನೋಡಿದೆ. ಅಜ್ಜಿ ಎಲೆಯಡಿಕೆ ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದು ಬಂದು, ಆ ಹೆಂಗಸಿನ ಕೈಯನ್ನು ಅಮ್ಮನ ಕಿವಿಯಿಂದ ತೆಗೆದಳು.

"ಬದಲಾಯಿಸಾಕೆ ಇಂಥ ಕಲ್ಲು ಎಲ್ಲಿ ಸಿಕ್ತಾವೆ ತಾಯಿ? ನಾನು ಅರಸೀಕೆರೆ ಎಲ್ಲಾ ಹುಡುಕಿವ್ನಿ, ನಮ್ಮ ಕಡೆ ಇಲ್ಲ ಇಂಥ ಕೆಂಪು. ತೊಳೆದಿದ್ದು ನಾನು. ನಮ್ಮನೇಲಿ ತೊಳೆದ್ರೆ ಹಿಂಗೇ ಹೊಳೆಯಾದು."

ಗೆಂಡೆಹಳ್ಳಿಯ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೀಗಿತ್ತಿಯ ಬಾಯಿಂದ ಅವಳು ಕೇಳಿದ ಮೊದಲ ಒಳ್ಳೆಯ ಮಾತು ಅದು. ಅವಳು ಎರಡು ಕೈಯಲ್ಲೂ ಅಜ್ಜಿಯ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಅಮ್ಮ ಮಾತ್ರ ಅಜ್ಜಿಯನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅಜ್ಜಿ ಕಿಟಕಿಯ ಪಕ್ಕ, ಅಮ್ಮ ನಡುವೆ, ನಾನು ತುದಿಯಲ್ಲಿ. ಬೇಲೂರು ದಾಟಿದ ಮೇಲೆ ಅಮ್ಮ ಮೆಲ್ಲಗೆ ಕೇಳಿದಳು.

"ಅತ್ತೆ, ತಗಡು ಎಲ್ಲಿ ಹಾಕಿಸಿದ್ರಿ?"

"ಯಾವ ತಗಡು?"

"ಹಳೇದರಲ್ಲಿ ಎಡಗಡೆ ಒಂದು ಕಲ್ಲಿನ ಹಿಂದೆ ಕಪ್ಪಿಟ್ಟಿತ್ತು. ಈಗ ಇಲ್ಲ. ಚೆನ್ನಾಗಿ ಹಾಕಿದಾರೆ."

ಅಜ್ಜಿ ತಿರುಗಿ ಕೂತಳು.

"ನಿನಗೆ ಗೊತ್ತಿತ್ತೇನೇ!"

ಕಂಡಕ್ಟರ್ ಕೂಡ ತಿರುಗಿ ನೋಡಿದ.

"ಮದುವೆ ಆದ ಹೊಸದರಲ್ಲಿ ತಿರುಪು ಮಾಡಿಸೋಕೆ ಕೊಟ್ಟಾಗ ಅಕ್ಕಸಾಲಿ ಹೇಳಿದ್ದ. ಅದಕ್ಕೇ ನಾನು ನೀರಿಗೆ ಹಾಕ್ತಿರ್ಲಿಲ್ಲ."

"ಅಯ್ಯೋ ನಿನ್ನ ಮನೆ ಕಾಯೋಗ! ಬಾಯ್ಬಿಟ್ಟು ಹೇಳಾಕೇನಾಗಿತ್ತೇ? ನಿನ್ನ ಮರ್ಯಾದೆ ಕಾಯಾಕೆ ಹೋಗಿ ನಾನು ಕೇಶವನ ತೀರ್ಥ ಕುಡ್ದು ಬಂದೆನಲ್ಲೇ!"

ಅಮ್ಮ ನಕ್ಕಳು. ಸೆರಗು ಬಾಯಿಗೆ ಅಡ್ಡ ಹಿಡಿದು, ಭುಜ ಕುಲುಕಿಸಿಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಅವಳು ನಕ್ಕಿದ್ದು ನೋಡಿ ಅಜ್ಜಿಗೂ ತಡೆಯಲಾಗಲಿಲ್ಲ. ಅವರಿಬ್ಬರೂ ಒಟ್ಟಿಗೆ ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ನಗು ನಿಂತ ಮೇಲೂ ಅಮ್ಮನ ಕಣ್ಣಿನ ನೀರು ಮಾತ್ರ ನಿಲ್ಲಲಿಲ್ಲ.

"ನನ್ನ ಮರ್ಯಾದೆಗಲ್ಲ ಅತ್ತೆ. ನಮ್ಮವ್ವಂಗೆ ಗೊತ್ತಿಲ್ಲ. ಅಪ್ಪಾಜಿಗೆ ಯಾರೋ ಮೋಸ ಮಾಡಿದಾರೆ, ಪಾಪ ಅವರಿಗೂ ಗೊತ್ತಿರ್ಲಿಲ್ಲ. ತನ್ನ ಹತ್ರ ಇದ್ದಿದ್ದೆಲ್ಲ ಮಗಳಿಗೆ ಕೊಟ್ಟೆ ಅಂದ್ಕೊಂಡು ಬೋಳು ಕಿವೀಲಿ ತಿರುಗ್ತಾಳೆ. ನಿಮ್ಮ ಬಾಯಿಗೆ ಸಿಕ್ಕಿ ಅದು ಅವಳ ಕಿವಿಗೆ ಬಿದ್ರೆ ಅಂತ ಭಯ ಇತ್ತು."

ಹಳೇಬೀಡು ಬಂತು, ಹೋಯಿತು. ಈ ಸಲ ಅಜ್ಜಿ ಕೆನ್ನೆ ತಟ್ಟಿಕೊಳ್ಳುವುದನ್ನೂ ಮರೆತಳು. ಜಾವಗಲ್ ಹತ್ತಿರ ಬಂದಾಗ ಸೆರಗಿನ ತುದಿಯಿಂದ ಅಮ್ಮನ ಮುಖ ಒರೆಸಿದಳು, ಒರಟಾಗಿ, ಚೊಂಬು ಒರೆಸುವ ಹಾಗೆ.

"ನಿಮ್ಮವ್ವ ಇರೋಗಂಟ ಅವು ಕೆಂಪು," ಎಂದಳು. "ಆಮೇಲೂ ಕೆಂಪು. ತಿಳೀತಾ?"

"ತಿಳೀತು ಅತ್ತೆ."

"ನಿನಗೂ ತಿಳೀತೇನೇ?" ಎಂದು ನನ್ನ ಕಡೆ ಬಗ್ಗಿದಳು.

ಅವಳು ಆಣೆ ಕೇಳುವ ಮೊದಲೇ ನಾನು ಲಿಂಗ ಮುಟ್ಟಿದೆ.